ಮಾರ್ಕೊವ್ ಸರಪಳಿ: ಸುಸ್ತಿ ಸಾಲದಿಂದ ಕಾಫಿ ಬೆಲೆಯವರೆಗೆ

ಕೊಡಗಿನ ಯಾವ ಸಹಕಾರ ಸಂಘದ ಮಹಾಸಭೆಗೆ ಹೋದರೂ ವಾರ್ಷಿಕ ವರದಿಯ ಒಂದು ಪುಟ ಬಂದಾಗ ಸಭೆಗೆ ಎಚ್ಚರವಾಗುತ್ತದೆ: ಸುಸ್ತಿ ಸಾಲದ ಪುಟ. ಎಷ್ಟು ಬಾಕಿ, ಏಕೆ ವಸೂಲಾಗಿಲ್ಲ, ನೋಟಿಸು ಕೊಟ್ಟಿದ್ದೀರಾ ಎಂದು ಪ್ರಶ್ನೆಗಳು ಏಳುತ್ತವೆ. ಗಡುವಿನೊಳಗಿರುವ ಸಾಲದ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. ಅದು ಚೆನ್ನಾಗಿಯೇ ಇದೆಯಲ್ಲ, ಕೇಳುವುದೇನು ಎಂಬ ನಿಶ್ಚಿಂತೆ. ಆ ನಿಶ್ಚಿಂತೆಗೆ ಎಷ್ಟು ಆಧಾರವಿದೆ ಎಂದು ಲೆಕ್ಕ ಹಾಕಿ ತೋರಿಸಬಲ್ಲ ಗಣಿತದ ಸಲಕರಣೆಯೊಂದಿದೆ. ಅದೇ ಮಾರ್ಕೊವ್ ಸರಪಳಿ.

ಬದಲಾಗುತ್ತಾ ಹೋಗುವ ಒಂದು ಸಂಗತಿಯನ್ನು ಕೆಲವೇ ಸ್ಥಿತಿಗಳಾಗಿ ವಿಂಗಡಿಸಿಕೊಳ್ಳುತ್ತೇವೆ. ದಿನ, ತಿಂಗಳು, ವರ್ಷ ಎಂದು ಕಾಲದ ಹೆಜ್ಜೆಯನ್ನು ಗೊತ್ತುಮಾಡುತ್ತೇವೆ. ಒಂದೊಂದು ಸ್ಥಿತಿಯಿಂದ ಮುಂದಿನ ಹೆಜ್ಜೆಯಲ್ಲಿ ಯಾವ ಯಾವ ಸ್ಥಿತಿಗೆ ಹೋಗುವ ಸಂಭವ ಎಷ್ಟು ಎಂದು ಸಾಲು ಸಾಲಾಗಿ ಬರೆಯುತ್ತೇವೆ. ಪ್ರತಿ ಸಾಲಿನ ಮೊತ್ತ 1 ಆಗಬೇಕು. ಈ ಚೌಕಟ್ಟನ್ನು ಸಂಕ್ರಮಣ ಮಾತೃಕೆ ಎನ್ನುತ್ತಾರೆ. ಇದಕ್ಕೆಲ್ಲ ಅಡಿಪಾಯವಾಗಿರುವ ಷರತ್ತು ಒಂದೇ: ಮುಂದೆ ಎಲ್ಲಿಗೆ ಹೋಗುತ್ತೇವೆ ಎಂಬುದು ಈಗ ಎಲ್ಲಿದ್ದೇವೆ ಎಂಬುದನ್ನಷ್ಟೇ ಅವಲಂಬಿಸಿರಬೇಕು, ಇಲ್ಲಿಗೆ ಯಾವ ದಾರಿಯಲ್ಲಿ ಬಂದೆವು ಎಂಬುದನ್ನಲ್ಲ.

ಈ ಷರತ್ತನ್ನು ಕೇಳಿದ ಕೂಡಲೇ ಬಹಳ ಮಂದಿ ತಲೆಯಾಡಿಸಿ ಒಪ್ಪುವುದಿಲ್ಲ. ಹಿಂದಿನದ್ದನ್ನೆಲ್ಲ ಮರೆತರೆ ಹೇಗೆ ಎನ್ನುತ್ತಾರೆ. ಚೌಕಾಬಾರ ಆಡಿದವರಿಗೆ ಉತ್ತರ ಸುಲಭ. ಕಾಯಿ ಯಾವ ಮನೆಯಲ್ಲಿದೆ ಎಂದು ಗೊತ್ತಿದ್ದರೆ, ಅದು ಎಷ್ಟು ಗರ ಬಿದ್ದು ಅಲ್ಲಿಗೆ ಬಂತು ಎಂದು ಕೇಳಬೇಕಾಗಿಲ್ಲ. ಆದರೆ ಹಲವು ಮನೆಗಳಲ್ಲಿ ಇನ್ನೊಂದು ನಿಯಮವಿದೆ: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಆಗ ಕಾಯಿ ಇರುವ ಮನೆಯೊಂದೇ ಸಾಲದು. ‘ಈ ಆಟಗಾರ ಕಡಿದಿದ್ದಾನೆ’ ಅಥವಾ ‘ಇನ್ನೂ ಕಡಿದಿಲ್ಲ’ ಎಂಬುದನ್ನೂ ಸ್ಥಿತಿಗೆ ಸೇರಿಸಿದರೆ ಮತ್ತೆ ಎಲ್ಲ ಸರಿಹೋಗುತ್ತದೆ. ಮಾರ್ಕೊವ್ ಸರಪಳಿ ಇತಿಹಾಸವನ್ನು ಅಲ್ಲಗಳೆಯುವುದಿಲ್ಲ. ಮುಂದಿನ ನಡೆಗೆ ಬೇಕಾದಷ್ಟು ಇತಿಹಾಸವನ್ನು ಈಗಿನ ಸ್ಥಿತಿಯೊಳಗೇ ತುಂಬಿಕೊಡಿ ಎಂದು ಕೇಳುತ್ತದೆ. ಈ ಮಾದರಿಯ ಜಾಣ್ಮೆ ಇರುವುದೂ, ಅದು ಎಡವುವುದೂ ಈ ಒಂದೇ ಜಾಗದಲ್ಲಿ ಎಂಬುದು ನನ್ನ ಎಣಿಕೆ.

ಈಗ ಸಂಘದ ಲೆಕ್ಕಕ್ಕೆ ಬರೋಣ. ಅಂಕಿಗಳು ಉದಾಹರಣೆಗೆಂದು ನಾನು ಹಾಕಿಕೊಂಡವು, ಯಾವ ಸಂಘದವೂ ಅಲ್ಲ. ಸಾಲದ ರೂಪಾಯಿಗೆ ನಾಲ್ಕು ಸ್ಥಿತಿಗಳಿರಲಿ: ಚಾಲ್ತಿ (ಗಡುವಿನೊಳಗಿರುವುದು), ಸುಸ್ತಿ (ಗಡುವು ದಾಟಿದ್ದು), ತೀರಿದ್ದು, ಮುಳುಗಿದ್ದು. ಕೊನೆಯ ಎರಡು ಸ್ಥಿತಿಗಳು ಹೊಕ್ಕರೆ ಹೊರಬರಲಾಗದಂಥವು. ಚಾಲ್ತಿಯಲ್ಲಿರುವ ಪ್ರತಿ 100 ರೂಪಾಯಿಯಲ್ಲಿ ವರ್ಷ ಕಳೆದ ಮೇಲೆ 60 ಚಾಲ್ತಿಯಲ್ಲೇ ಉಳಿಯುತ್ತದೆ, 30 ತೀರುತ್ತದೆ, 10 ಸುಸ್ತಿಗೆ ಬೀಳುತ್ತದೆ. ಸುಸ್ತಿಯಲ್ಲಿರುವ 100 ರೂಪಾಯಿಯಲ್ಲಿ 40 ಚಾಲ್ತಿಗೆ ಮರಳುತ್ತದೆ, 10 ತೀರುತ್ತದೆ, 30 ಸುಸ್ತಿಯಾಗಿಯೇ ಉಳಿಯುತ್ತದೆ, 20 ಮುಳುಗುತ್ತದೆ. ಚಾಲ್ತಿಯಿಂದ ನೇರವಾಗಿ ಮುಳುಗುವ ದಾರಿಯೇ ಇಲ್ಲ ಎಂಬುದನ್ನು ಗಮನಿಸಿ.

ಚಾಲ್ತಿ ರೂಪಾಯಿ ಎಂದಾದರೊಂದು ದಿನ ಮುಳುಗುವ ಸಂಭವವನ್ನು ‘ಚಾ’ ಎಂದೂ ಸುಸ್ತಿ ರೂಪಾಯಿ ಮುಳುಗುವ ಸಂಭವವನ್ನು ‘ಸು’ ಎಂದೂ ಕರೆಯೋಣ. ಚಾ = 0.6 ಚಾ + 0.1 ಸು. ಸು = 0.4 ಚಾ + 0.3 ಸು + 0.2. ಪ್ರೌಢಶಾಲೆಯ ಬೀಜಗಣಿತದಲ್ಲಿ ಬಿಡಿಸಬಹುದಾದ ಜೋಡಿ ಸಮೀಕರಣ ಇದು. ಉತ್ತರ: ಸು = 1/3, ಚಾ = 1/12. ಸಂಘದ ಚಾಲ್ತಿ ಸಾಲ 48 ಲಕ್ಷ, ಸುಸ್ತಿ 12 ಲಕ್ಷ ಎಂದಿಟ್ಟುಕೊಳ್ಳಿ. ಸುಸ್ತಿಯಲ್ಲಿ ಮುಳುಗಲಿರುವುದು ಅಂದಾಜು 4 ಲಕ್ಷ. ಯಾರೂ ತುಟಿ ಬಿಚ್ಚದ ಆ ಚಾಲ್ತಿ ಸಾಲದಲ್ಲಿ ಮುಳುಗಲಿರುವುದೂ 4 ಲಕ್ಷವೇ! ಸಭೆಯಲ್ಲಿ ಎದ್ದ ಗಲಾಟೆಯೆಲ್ಲ ಅರ್ಧ ನಷ್ಟದ ಬಗ್ಗೆ ಮಾತ್ರ.

ಇಲ್ಲಿಂದ ಆಡಳಿತದ ಪ್ರಶ್ನೆ ಶುರು. ವಸೂಲಾತಿಗೆಂದು ಒಬ್ಬರನ್ನು ನೇಮಿಸಿ ಮನೆ ಮನೆಗೆ ಕಳುಹಿಸಿದರೆ, ಸುಸ್ತಿಯಿಂದ ಚಾಲ್ತಿಗೆ ಮರಳುವ ಪಾಲು 40ರಿಂದ 50ಕ್ಕೆ ಏರುತ್ತದೆ, ಸುಸ್ತಿಯಲ್ಲೇ ಉಳಿಯುವ ಪಾಲು 30ರಿಂದ 20ಕ್ಕೆ ಇಳಿಯುತ್ತದೆ ಎನ್ನೋಣ. ಅದೇ ಸಮೀಕರಣಗಳನ್ನು ಮತ್ತೆ ಬಿಡಿಸಿದರೆ ಒಟ್ಟು ನಿರೀಕ್ಷಿತ ನಷ್ಟ 8 ಲಕ್ಷದಿಂದ ಸುಮಾರು 7.11 ಲಕ್ಷಕ್ಕೆ ಇಳಿಯುತ್ತದೆ. ಉಳಿತಾಯ ಸುಮಾರು 89 ಸಾವಿರ, ಅದೂ ಈ ಸಾಲಗಳೆಲ್ಲ ಒಂದು ದಡ ಸೇರುವವರೆಗಿನ ಲೆಕ್ಕ. ವರ್ಷಗಟ್ಟಲೆ ಸಂಬಳ ಕೊಡಬೇಕಾದ ಹುದ್ದೆಗೆ ಇದು ಸಾಲದು. ಹಂಗಾಮಿನ ಎರಡು ತಿಂಗಳಿಗೆ ಮಾತ್ರ ಒಬ್ಬರನ್ನು ಇಟ್ಟುಕೊಂಡರೆ ಗಿಟ್ಟೀತು. ಬಾಯಿಮಾತಿನಲ್ಲಿ ಗಂಟೆಗಟ್ಟಲೆ ನಡೆಯುವ ವಾದಕ್ಕೆ ಹೀಗೆ ಒಂದು ನೆಲೆ ಸಿಗುತ್ತದೆ.

ಇದು ಹೊಸ ಉಪಾಯವೇನಲ್ಲ. ಅಮೆರಿಕದ ಸಯರ್ಟ್, ಡೇವಿಡ್‌ಸನ್ ಮತ್ತು ಥಾಂಪ್ಸನ್ ಎಂಬ ಮೂವರು 1962ರಲ್ಲೇ ವಸೂಲಾಗದ ಬಾಕಿಗೆ ಎಷ್ಟು ಹಣ ತೆಗೆದಿಡಬೇಕು ಎಂಬುದನ್ನು ಮಾರ್ಕೊವ್ ಸರಪಳಿಯಿಂದ ಅಂದಾಜು ಮಾಡುವ ಬಗೆಯನ್ನು ಪ್ರಕಟಿಸಿದ್ದರು. ಅವರ ಲೆಕ್ಕದಲ್ಲೂ ಸ್ಥಿತಿಯಿಂದ ಸ್ಥಿತಿಗೆ ನಡೆಯುವುದು ಗಿರಾಕಿಯಲ್ಲ, ಹಣ.

ಮಾರ್ಕೊವ್ ಎಂಬಾತನಿಗೆ ಮಾತ್ರ ಸಾಲಸೋಲದ ಚಿಂತೆ ಇರಲಿಲ್ಲ. ಆಂದ್ರೆ ಮಾರ್ಕೊವ್ (1856–1922) ಸೇಂಟ್ ಪೀಟರ್ಸ್‌ಬರ್ಗಿನ ಗಣಿತಜ್ಞ, ಜಗಳಕ್ಕೆ ಹಿಂಜರಿಯದ ಸ್ವಭಾವದವನು. ಒಂದರ ಮೇಲೊಂದು ಅವಲಂಬಿಸದ ಘಟನೆಗಳಿಗೆ ಮಾತ್ರ ದೊಡ್ಡ ಸಂಖ್ಯೆಗಳ ನಿಯಮ (ಎಣಿಕೆ ಹೆಚ್ಚಿದಷ್ಟೂ ಸರಾಸರಿ ಒಂದು ಕಡೆ ನೆಲೆ ನಿಲ್ಲುತ್ತದೆ ಎಂಬುದು) ಅನ್ವಯಿಸುತ್ತದೆ ಎಂದು ಮಾಸ್ಕೋದ ಗಣಿತಜ್ಞ ನೆಕ್ರಾಸೊವ್ ವಾದಿಸಿ, ಅದರಿಂದ ಮನುಷ್ಯನ ಇಚ್ಛಾಸ್ವಾತಂತ್ರ್ಯವನ್ನೇ ಸಾಧಿಸಲು ಹೊರಟಿದ್ದ. ಅದು ಸುಳ್ಳೆಂದು ತೋರಿಸಲು ಮಾರ್ಕೊವ್ 1906ರಲ್ಲಿ ಈ ಸರಪಳಿಯನ್ನು ಹೆಣೆದ. 1913ರಲ್ಲಿ ರಷ್ಯನ್ ಕವಿ ಪುಷ್ಕಿನ್‌ನ ‘ಯೆವ್ಗೆನಿ ಅನೇಗಿನ್’ ಕಾವ್ಯದ 20,000 ಅಕ್ಷರಗಳನ್ನು ಕೂತು ಎಣಿಸಿದ. ಸ್ವರಗಳು 8,638. ಒಟ್ಟಾರೆ ಸ್ವರ ಬರುವ ಸಂಭವ ಶೇ 43 ಆದರೂ, ಸ್ವರದ ಬೆನ್ನಿಗೆ ಮತ್ತೊಂದು ಸ್ವರ ಬರುವುದು ಶೇ 13ರಷ್ಟು ಮಾತ್ರ, ವ್ಯಂಜನದ ಬೆನ್ನಿಗೆ ಸ್ವರ ಬರುವುದು ಶೇ 66ರಷ್ಟು. ಬಿಡಿ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಸರಾಸರಿ ನಿಲ್ಲುತ್ತದೆ ಎಂಬುದಕ್ಕೆ ಅವನಿಗೆ ಅಷ್ಟು ಸಾಕಿತ್ತು.

ಸಾಲದ ಉದಾಹರಣೆಯಲ್ಲಿ ಹೆಜ್ಜೆಯನ್ನು ವರ್ಷ ಎಂದಿಟ್ಟದ್ದು ಬೇಕೆಂದೇ. ಬ್ಯಾಂಕುಗಳು ವಾಹನ ಸಾಲ, ಮನೆ ಸಾಲಗಳನ್ನು 30, 60, 90 ದಿನಗಳ ಗೆರೆ ಎಳೆದು ವಿಂಗಡಿಸುತ್ತವೆ, 90 ದಾಟಿದರೆ ಎನ್‌ಪಿಎ, ಅಂದರೆ ವಸೂಲಾಗದೆ ನಿಂತ ಸಾಲ. ಅಲ್ಲಿ ತಿಂಗಳೇ ತಕ್ಕ ಹೆಜ್ಜೆ. ಕಾಫಿ ಬೆಳೆಗಾರನ ಕೈಗೆ ದೊಡ್ಡ ಹಣ ಬರುವುದು ಕೊಯ್ಲು ಮುಗಿದು, ಕಣದಲ್ಲಿ ಚೆರಿ ಒಣಗಿ, ಮೂಟೆ ಮಾರಿದ ಮೇಲೆ. ಜುಲೈ ಮಳೆಯಲ್ಲಿ ಅವನ ಖಾತೆ ಕದಲುವುದಿಲ್ಲ ಎಂದರೆ ಅವನು ಸೋತ ಎಂದರ್ಥವಲ್ಲ. ರಿಸರ್ವ್ ಬ್ಯಾಂಕಿನ ನಿಯಮವೂ ಇದನ್ನು ಒಪ್ಪಿಕೊಂಡು, ದೀರ್ಘಾವಧಿ ಬೆಳೆಗಳ ಸಾಲಕ್ಕೆ ದಿನಗಳ ಬದಲು ಒಂದು ಬೆಳೆ ಹಂಗಾಮನ್ನು ಅಳತೆಗೋಲಾಗಿ ಇಟ್ಟಿದೆ. ಪಟ್ಟಣದ ಸಾಲಕ್ಕೆ ಹೊಲಿದ ಮಾಸಿಕ ಮಾದರಿಯನ್ನು ತಂದು ಪೊನ್ನಂಪೇಟೆಯ ತೋಟಕ್ಕೆ ಹೊದಿಸುವವರಿಗೆ ಇದನ್ನು ಯಾರಾದರೂ ಹೇಳಬೇಕು.

ನಿಮ್ಮ ಜೀಪಿನ ವಿಮೆಯೂ ಒಂದು ಮಾರ್ಕೊವ್ ಸರಪಳಿ, ಅದೂ ಅಚ್ಚುಕಟ್ಟಾದದ್ದು. ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೈಮ್ ಬೋನಸ್, ಶೇ 20, 25, 35, 45, 50 ಎಂದು ಮೆಟ್ಟಿಲು ಹತ್ತುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಒಂದು ಕ್ಲೈಮ್ ಮಾಡಿದರೆ ಸೊನ್ನೆಗೆ ಇಳಿಯುತ್ತೀರಿ. ಮೆಟ್ಟಿಲೇ ಸ್ಥಿತಿ, ಹಳೆಯ ಕಥೆ ಬೇಕಿಲ್ಲ. ವರ್ಷದಲ್ಲಿ ಕ್ಲೈಮ್ ಆಗುವ ಸಂಭವ 0.1 ಎಂದಿಟ್ಟರೆ, ಬಹಳ ವರ್ಷ ಕಳೆದ ಮೇಲೆ ಮೇಲಿನ ಮೆಟ್ಟಿಲಲ್ಲಿ ನಿಂತಿರುವವರ ಪಾಲು 0.9ರ ಐದನೆಯ ಘಾತ, ಅಂದರೆ ಶೇ 59. ಯಾರು ಎಲ್ಲಿಂದ ಹೊರಟರೂ ಹಂಚಿಕೆ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಅದನ್ನು ಸ್ಥಾಯಿ ಹಂಚಿಕೆ ಎನ್ನುತ್ತಾರೆ.

ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಬಾನೆಟ್ ನಜ್ಜಾಯಿತು, ರಿಪೇರಿಗೆ 8 ಸಾವಿರ. ಕ್ಲೈಮ್ ಮಾಡಬೇಕೇ? ರಿಯಾಯಿತಿ ಅನ್ವಯಿಸುವ ಪ್ರೀಮಿಯಂ 10 ಸಾವಿರ, ನೀವು ಶೇ 50ರ ಮೆಟ್ಟಿಲಲ್ಲಿದ್ದೀರಿ ಎನ್ನೋಣ. ಕ್ಲೈಮ್ ಮಾಡಿದರೆ ಮುಂದಿನ ಐದು ನವೀಕರಣಗಳಲ್ಲಿ ಹೆಚ್ಚಿಗೆ ತೆರುವುದು 5,000, 3,000, 2,500, 1,500, 500: ಒಟ್ಟು 12,500. ನಡುವೆ ಇನ್ನೊಂದು ಅಪಘಾತವಾಗಿ ರಿಯಾಯಿತಿ ಹೇಗೂ ಹೋಗಬಹುದಾದ ಸಂಭವವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇದು 11 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ 8 ಸಾವಿರವನ್ನು ಕೈಯಿಂದಲೇ ಕೊಡುವುದು ಮೇಲು. ಪ್ರತಿ ಸ್ಥಿತಿಯಲ್ಲೂ ಏನು ಮಾಡಬೇಕು ಎಂಬ ಆಯ್ಕೆ ಸೇರಿಕೊಂಡ ಇಂಥ ಸರಪಳಿಗಳನ್ನು ಮಾರ್ಕೊವ್ ನಿರ್ಣಯ ಪ್ರಕ್ರಿಯೆ ಎನ್ನುತ್ತಾರೆ. ರಿಚರ್ಡ್ ಬೆಲ್‌ಮನ್ 1950ರ ದಶಕದಲ್ಲಿ, ರೊನಾಲ್ಡ್ ಹೊವರ್ಡ್ 1960ರಲ್ಲಿ ಇದಕ್ಕೆ ದಾರಿ ಹಾಕಿದರು. ಯಂತ್ರವನ್ನು ಯಾವಾಗ ಬದಲಿಸಬೇಕು, ಗೋದಾಮಿನಲ್ಲಿ ಎಷ್ಟು ಗೊಬ್ಬರ ಇಟ್ಟುಕೊಳ್ಳಬೇಕು, ಬಡ್ತಿ ನಿವೃತ್ತಿಗಳಾದ ಮೇಲೆ ಸಿಬ್ಬಂದಿ ಎಷ್ಟು ಉಳಿಯುತ್ತಾರೆ ಎಂಬ ಲೆಕ್ಕಗಳೆಲ್ಲ ಇದೇ ಮನೆತನದವು.

ಹಣಕಾಸಿನ ಲೋಕದಲ್ಲಿ ಈ ಮಾತೃಕೆ ಎದ್ದು ಕಾಣುವುದು ಸಾಲದ ರೇಟಿಂಗಿನಲ್ಲಿ. ಕಂಪನಿ ಸಾಲ ತೀರಿಸೀತೇ ಎಂಬುದಕ್ಕೆ ಕೊಡುವ ದರ್ಜೆ ಇದು; ಎಎಎ ಎಲ್ಲಕ್ಕಿಂತ ಮೇಲು, ಡಿ ಎಂದರೆ ಬಾಕಿ ತಪ್ಪಿದ್ದು. ಎಎಎಯಿಂದ ಡಿವರೆಗಿನ ದರ್ಜೆಗಳೇ ಸ್ಥಿತಿಗಳು. ಕ್ರಿಸಿಲ್‌ನಂಥ ಸಂಸ್ಥೆಗಳು ಯಾವ ದರ್ಜೆಯ ಕಂಪನಿಗಳಲ್ಲಿ ಎಷ್ಟು ಪಾಲು ಯಾವ ದರ್ಜೆಗೆ ಸರಿದವು ಎಂಬ ಪಟ್ಟಿಯನ್ನು ಪ್ರಕಟಿಸುತ್ತವೆ. 1997ರಲ್ಲಿ ಜ್ಯಾರೋ, ಲ್ಯಾಂಡೊ, ಟರ್ನ್‌ಬುಲ್ ಎಂಬ ಮೂವರು ಸಂಶೋಧಕರು ಇಂಥ ಮಾತೃಕೆಯಿಂದಲೇ ಬಾಂಡುಗಳಿಗೆ ಬೆಲೆ ಕಟ್ಟುವ ಮಾದರಿಯನ್ನು ಕೊಟ್ಟರು. ಆದರೆ ರೇಟಿಂಗ್ ಇತಿಹಾಸಗಳನ್ನು ಕೆದಕಿದವರಿಗೆ ಒಂದು ಕಿರಿಕಿರಿ ಕಂಡಿತು: ಈಗ ತಾನೆ ಒಂದು ದರ್ಜೆ ಇಳಿದ ಕಂಪನಿ, ಅದೇ ದರ್ಜೆಯಲ್ಲಿ ಹಿಂದಿನಿಂದಲೂ ಇರುವ ಕಂಪನಿಗಿಂತ ಮತ್ತೆ ಇಳಿಯುವ ಸಂಭವ ಹೆಚ್ಚು. ಅಂದರೆ ದರ್ಜೆಯೊಂದೇ ಸ್ಥಿತಿಯಾಗಿ ಸಾಲದು. ಇಲ್ಲಿಯೂ ಮದ್ದು ಅದೇ, ‘ಇಳಿದು ಬಂದ ಎಎ’ ಎಂಬ ಬೇರೆ ಸ್ಥಿತಿಯನ್ನು ಸೇರಿಸುವುದು. ನಮ್ಮ ಸಂಘದಲ್ಲೂ ಮೊದಲ ಸಲ ಸುಸ್ತಿಯಾದವನನ್ನೂ ಮೂರನೆಯ ಸಲ ಸುಸ್ತಿಯಾದವನನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಇಬ್ಬರಿಗೂ ಅನ್ಯಾಯ.

ಸ್ಥಿತಿಯನ್ನು ಎಷ್ಟು ಚೆನ್ನಾಗಿ ಬಿಡಿಸಿದರೂ ದಕ್ಕದ ತೊಡಕುಗಳಿವೆ. 2018ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡಗಳು ಕುಸಿದು ಮಡಿಕೇರಿ ಸುತ್ತಲಿನ ತೋಟಗಳೇ ಕೊಚ್ಚಿಹೋದವು. ಮಾದರಿಯಲ್ಲಿ ಪ್ರತಿ ರೂಪಾಯಿಯೂ ತನ್ನ ಪಾಡಿಗೆ ತಾನು ನಡೆಯುತ್ತದೆ ಎಂದುಕೊಂಡಿರುತ್ತೇವೆ. ಅಂಥ ವರ್ಷದಲ್ಲಿ ಒಂದು ಊರಿನ ಸಾಲವೆಲ್ಲ ಒಟ್ಟಿಗೆ ಜಾರುತ್ತದೆ. ಸರಾಸರಿ ನಷ್ಟದ ಅಂದಾಜು ಸರಿಯಿದ್ದರೂ ಕೆಟ್ಟ ವರ್ಷದ ಆಳ ಅದರಲ್ಲಿ ಕಾಣುವುದಿಲ್ಲ. ಇನ್ನೊಂದು, ಮಾತೃಕೆಯೇ ಬದಲಾಗಿಬಿಡುವುದು. ದಶಕಗಳ ಕಾಲ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ (ಎಲ್ಲರ ಕಾಫಿಯನ್ನು ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ) ಹೋಗಿ ಹಣ ಕಂತುಕಂತಾಗಿ ಬರುತ್ತಿತ್ತು. 1996ರ ವೇಳೆಗೆ ಆ ಪದ್ಧತಿ ಮುಗಿದು ಬೆಳೆಗಾರ ನೇರವಾಗಿ ಪೇಟೆಗೆ ಬಿದ್ದ. ಪೂಲ್ ಕಾಲದ ಲೆಡ್ಜರಿನಿಂದ ತೆಗೆದ ಸಂಭವಗಳಿಗೆ ಆಮೇಲೆ ಕಾಸಿನ ಬೆಲೆಯೂ ಇಲ್ಲ.

ಬೆಲೆಯ ವಿಷಯದಲ್ಲಿ ಇನ್ನೂ ಒಂದು ಸುತ್ತು ಇದೆ. ರೊಬಸ್ಟಾ ದರ ಲಂಡನ್ ಮಾರುಕಟ್ಟೆಯನ್ನು ಹಿಂಬಾಲಿಸುತ್ತದೆ, ಅರೇಬಿಕಾ ನ್ಯೂಯಾರ್ಕನ್ನು. 2001ರ ಸುಮಾರಿನ ಕುಸಿತವನ್ನೂ 2024ರ ಏರಿಕೆಯನ್ನೂ ಕಂಡವರಿಗೆ ಪೇಟೆಗೆ ಬೇರೆ ಬೇರೆ ಕಾಲಗಳಿವೆ ಎಂಬುದು ಗೊತ್ತು. ಆದರೆ ಈಗ ಯಾವ ಕಾಲ ನಡೆಯುತ್ತಿದೆ ಎಂದು ಯಾರೂ ಫಲಕ ಹಾಕಿರುವುದಿಲ್ಲ. ಕಾಣುವುದು ದರ ಮಾತ್ರ, ಸ್ಥಿತಿ ಮರೆಯಲ್ಲಿರುತ್ತದೆ. ಅರ್ಥಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ 1989ರಲ್ಲಿ ಅಮೆರಿಕದ ಆರ್ಥಿಕತೆಯ ಏರಿಳಿತವನ್ನು ಇಂಥ ಮರೆಯಲ್ಲಿರುವ ಎರಡು ಸ್ಥಿತಿಗಳ ಸರಪಳಿಯಾಗಿ ಓದಿದರು. ಅಂಥ ಮಾದರಿ ‘ಈಗ ಇಳಿಗಾಲವಾಗಿರುವ ಸಂಭವ ಇಷ್ಟು’ ಎನ್ನುತ್ತದೆಯೇ ಹೊರತು ನಾಳೆ 50 ಕಿಲೋ ಮೂಟೆಗೆ ಎಷ್ಟು ಎಂದು ಹೇಳುವುದಿಲ್ಲ. ಹೇಳುತ್ತೇನೆ ಎಂದು ಯಾರಾದರೂ ಬಂದರೆ ಕಾಫಿ ಕೊಟ್ಟು ಕಳುಹಿಸಿ.

ಸಂಘದ ಮಾತೃಕೆ ಕಟ್ಟುವುದಕ್ಕೆ ದೊಡ್ಡ ತಂತ್ರಾಂಶವೇನೂ ಬೇಡ. ಹಿಂದಿನ ಮಾರ್ಚ್ 31ರ ಸಾಲಪಟ್ಟಿ ಒಂದು, ಈ ಮಾರ್ಚ್ 31ರದ್ದು ಒಂದು. ಪ್ರತಿ ಖಾತೆಯ ಬಾಕಿ ಆಗ ಎಲ್ಲಿತ್ತು, ಈಗ ಎಲ್ಲಿದೆ ಎಂದು ಎಣಿಸಿ ಸಾಲಿನ ಮೊತ್ತದಿಂದ ಭಾಗಿಸಿದರೆ ಮುಗಿಯಿತು. ಮಾತೃಕೆಗಳನ್ನು ಗುಣಿಸುವ ಸೌಲಭ್ಯ ಎಕ್ಸೆಲ್‌ನಲ್ಲಿಯೇ ಇದೆ. ಎಚ್ಚರ ಬೇಕಾದದ್ದು ಸುಸ್ತಿ ಸಾಲಿನಲ್ಲಿ: ಅಲ್ಲಿ ಖಾತೆಗಳು ಬೆರಳೆಣಿಕೆಯಷ್ಟಿದ್ದರೆ ಒಂದು ಖಾತೆ ಆಚೀಚೆಯಾದರೂ ಸಂಭವಗಳು ತಲೆಕೆಳಗಾಗುತ್ತವೆ, ಆದ್ದರಿಂದ ಕೆಲವು ವರ್ಷಗಳನ್ನು ಕೂಡಿಸಿಕೊಳ್ಳಬೇಕು. ಕೂಡಿಸುವಾಗ 2018–19ನ್ನು ಉಳಿದ ವರ್ಷಗಳ ಜೊತೆ ಬೆರೆಸದೆ ಅದಕ್ಕೇ ಒಂದು ಪ್ರತ್ಯೇಕ ಮಾತೃಕೆ ಮಾಡಿ ಪಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನಷ್ಟಕ್ಕೆಂದು ಹಣ ತೆಗೆದಿಡುವಾಗ ಎರಡರಲ್ಲೂ ಒಮ್ಮೊಮ್ಮೆ ಲೆಕ್ಕ ಹಾಕಿ ನೋಡಬಹುದು.