ಮಿನಮಾಟಾದ ಹೂಳಿನಲ್ಲಿ ಉಳಿದ ಪಾದರಸ

ಹರಿಯುವ ನೀರಿಗೆ ಬಿಟ್ಟದ್ದು ತೆಳುವಾಗುತ್ತ ಹೋಗಿ ಕೊನೆಗೆ ಇಲ್ಲವಾಗುತ್ತದೆ ಎಂಬ ಕಾರ್ಖಾನೆಗಳ ಹಳೆಯ ನಂಬಿಕೆ ಪೂರ್ತಿ ಸುಳ್ಳಾಗಿರಲಿಲ್ಲ. ಸಕ್ಕರೆ, ಕಾಗದದ ಕಾರ್ಖಾನೆಗಳ ಸಾವಯವ ಕಲ್ಮಶವನ್ನು ಸೂಕ್ಷ್ಮಾಣುಜೀವಿಗಳು ಕೊಳೆಯಿಸಿ ಮುಗಿಸುತ್ತವೆ. ಆದರೆ ಅದಕ್ಕೆ ಅವು ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಬಳಸುವುದರಿಂದ, ಕಲ್ಮಶ ಮಿತಿಮೀರಿದಾಗ ಮೀನುಗಳು ಉಸಿರುಗಟ್ಟಿ ಸಾಯುತ್ತವೆ.

ಪಾದರಸದಂಥ ಭಾರಲೋಹಗಳ ವಿಷಯದಲ್ಲಿ ಈ ಲೆಕ್ಕವೇ ತಪ್ಪೆಂಬುದು ಜಪಾನಿನ ಕರಾವಳಿಯ ಊರಾದ ಮಿನಮಾಟಾದಲ್ಲಿ ಬಯಲಾಯಿತು. ಅಲ್ಲಿನ ಚಿಸ್ಸೊ ಕಾರ್ಖಾನೆ 1932ರಿಂದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸಲು ಪಾದರಸದ ಲವಣವನ್ನು ವೇಗವರ್ಧಕವಾಗಿ ಬಳಸುತ್ತಿತ್ತು, ಆ ಕ್ರಿಯೆಯಲ್ಲಿ ಹುಟ್ಟಿದ ಮೀಥೈಲ್ ಪಾದರಸವೆಂಬ ವಿಷಕಾರಿ ಸಂಯುಕ್ತ ತ್ಯಾಜ್ಯನೀರಿನೊಂದಿಗೆ ಕೊಲ್ಲಿಗೆ ಸೇರುತ್ತಿತ್ತು. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ದಾಟುವಾಗ, ದೇಹದಿಂದ ಬಹಳ ನಿಧಾನವಾಗಿ ಹೊರಹೋಗುವ ಈ ವಿಷ ತೆಳುವಾಗುವ ಬದಲು ದಟ್ಟವಾಗುತ್ತದೆ.

ಮೊದಲು ಅದನ್ನು ಮೈಮೇಲೆ ತೋರಿಸಿದವು ಬೆಕ್ಕುಗಳು. ಕೊಲ್ಲಿಯ ಮೀನು ತಿಂದ ಅವು ತೂರಾಡಿ, ಸೆಟೆದು, ಗಿರಗಿರನೆ ಸುತ್ತಿ ಬೀಳುವುದನ್ನು ಕಂಡ ಜನ ಬೆಕ್ಕು ಕುಣಿಯುವ ಕಾಯಿಲೆ ಎಂದರು. 1956ರ ಮೇ 1ರಂದು ಕಾರ್ಖಾನೆಯದೇ ಆಸ್ಪತ್ರೆಯ ವೈದ್ಯ ಹಾಜಿಮೆ ಹೊಸೊಕಾವಾ, ಕಾರಣ ತಿಳಿಯದ ನರರೋಗವೊಂದು ಮನುಷ್ಯರಲ್ಲೂ ಕಾಣಿಸಿಕೊಂಡಿದೆಯೆಂದು ಆರೋಗ್ಯ ಕೇಂದ್ರಕ್ಕೆ ತಿಳಿಸಿದರು. ಕಂಪನಿ ಮಾತ್ರ ಹಳೆಯ ನಂಬಿಕೆಯನ್ನೇ ಹಿಡಿದು 1958ರಲ್ಲಿ ತ್ಯಾಜ್ಯದ ಕಾಲುವೆಯನ್ನು ನದಿ ಸಮುದ್ರ ಸೇರುವೆಡೆಗೆ ತಿರುಗಿಸಿತು. ರೋಗ ಅತ್ತಲೂ ಹಬ್ಬಿತು. ಮರುವರ್ಷ ಹೊಸೊಕಾವಾ ಕಾರ್ಖಾನೆಯ ತ್ಯಾಜ್ಯನೀರನ್ನು ಬೆಕ್ಕೊಂದರ ಆಹಾರದಲ್ಲಿ ಬೆರೆಸಿ ಉಣಿಸಿದಾಗ ಅದಕ್ಕೂ ಅದೇ ಲಕ್ಷಣಗಳು ಬಂದವು. ಪ್ರಯೋಗದ ಲೆಕ್ಕದಲ್ಲಿ ಅದು 400ನೇ ಬೆಕ್ಕು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟು, ಅದೇ ಡಿಸೆಂಬರಿನಲ್ಲಿ ಪಾದರಸವನ್ನು ತೆಗೆಯಲಾಗದ ಶುದ್ಧೀಕರಣ ಘಟಕವೊಂದನ್ನು ಸಡಗರದಿಂದ ಉದ್ಘಾಟಿಸಿತು. ವಿಷ ಬಿಟ್ಟದ್ದನ್ನು ಅಜ್ಞಾನವೆಂದಾದರೂ ಅನ್ನಬಹುದು, ಈ ಸಮಾರಂಭವನ್ನು ಹಾಗೆ ಅನ್ನಲಾಗದು.

1965ರಲ್ಲಿ ಜಪಾನಿನದೇ ನೀಗಾಟಾದಲ್ಲಿ, ಬೇರೊಂದು ಕಂಪನಿಯ ತ್ಯಾಜ್ಯದಿಂದ, ಅದೇ ರೋಗ ಮರುಕಳಿಸಿತು. ಚಿಸ್ಸೊ ಪಾದರಸ ಬಳಸುವ ಈ ವಿಧಾನವನ್ನು ಕೈಬಿಟ್ಟದ್ದು 1968ರ ಮೇ ತಿಂಗಳಲ್ಲಿ. ರೋಗಕ್ಕೆ ಕಾರ್ಖಾನೆಯೇ ಕಾರಣವೆಂದು ಸರ್ಕಾರ ಒಪ್ಪಿದ್ದು ಅದಾದ ಮೇಲೆ, ಸೆಪ್ಟೆಂಬರಿನಲ್ಲಿ.

ಕಾಲುವೆ ನಿಂತರೂ ಹೂಳಿನಲ್ಲಿ ಕೂತ ಪಾದರಸ ಅಲ್ಲೇ ಇತ್ತು. ಅದನ್ನು ಎತ್ತಿ, ಕೊಲ್ಲಿಯ ಒಂದು ಭಾಗವನ್ನೇ ಮಣ್ಣಿನಿಂದ ಮುಚ್ಚುವ ಕೆಲಸ 1977ರಿಂದ 1990ರವರೆಗೆ ನಡೆಯಿತು. ಮೀನು ಹೊರಹೋಗದಂತೆ ಕಟ್ಟಿದ್ದ ಬಲೆಯನ್ನು ಬಿಚ್ಚಿದ್ದು 1997ರಲ್ಲಿ. ಪಾದರಸವನ್ನು ಹತೋಟಿಗೆ ತರುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ 2013ರಲ್ಲಿ ರೂಪುಗೊಂಡು 2017ರಲ್ಲಿ ಜಾರಿಯಾಯಿತು; ಅಸಿಟಾಲ್ಡಿಹೈಡ್ ತಯಾರಿಕೆಯಲ್ಲಿ ಪಾದರಸದ ಬಳಕೆ ನಿಲ್ಲಿಸಲು ಅದು ಕೊಟ್ಟ ಗಡುವು 2018, ಚಿಸ್ಸೊ ಅದನ್ನು ಕೈಬಿಟ್ಟ 50 ವರ್ಷಗಳ ನಂತರ.