ಶುದ್ಧ ನೀರಿನಲ್ಲಿ ಹಸಿದ ಮೀನು

ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿರುವ ಕ್ವಾಬಿನ್ ಜಲಾಶಯ ತುಂಬಿದಾಗ ಅದರಲ್ಲಿ 412 ಶತಕೋಟಿ ಗ್ಯಾಲನ್ ನೀರು ನಿಲ್ಲುತ್ತದೆ. ನಮಗೆ ರೂಢಿಯಾದ ಲೆಕ್ಕದಲ್ಲಿ ಹೇಳುವುದಾದರೆ ಅದು ಸುಮಾರು 55 ಟಿಎಂಸಿ, ಅಂದರೆ ಕನ್ನಂಬಾಡಿ ಕಟ್ಟೆಯ 49.45 ಟಿಎಂಸಿಗಿಂತ ತುಸು ಹೆಚ್ಚು. ಆದರೆ ಇಷ್ಟು ದೊಡ್ಡ ಜಲಾಶಯವನ್ನು ಕಟ್ಟಿದ್ದು ಗದ್ದೆಗಳಿಗಾಗಿ ಅಲ್ಲ, ಬೋಸ್ಟನ್ ಮತ್ತು ಅದರ ಸುತ್ತಲಿನ ಊರುಗಳ ಬಾಯಾರಿಕೆಗಾಗಿ. 1938ರಲ್ಲಿ ಡೇನಾ, ಎನ್‌ಫೀಲ್ಡ್, ಗ್ರೀನಿಚ್, ಪ್ರೆಸ್ಕಾಟ್ ಎಂಬ ನಾಲ್ಕು ಊರುಗಳ ಹೆಸರನ್ನು ಸರ್ಕಾರಿ ದಾಖಲೆಗಳಿಂದ ಅಳಿಸಿ, ಸುಮಾರು 7,500 ಗೋರಿಗಳನ್ನು ಸಹ ಅಗೆದು ಬೇರೆಡೆಗೆ ಸಾಗಿಸಿ, ಸ್ವಿಫ್ಟ್ ನದಿಗೆ ಅಡ್ಡಕಟ್ಟಿ ನಿಲ್ಲಿಸಿದ ನೀರು ಅದು. 1939ರಲ್ಲಿ ತುಂಬತೊಡಗಿದ ಜಲಾಶಯ ಕೋಡಿಯ ಮಟ್ಟ ಮುಟ್ಟಿದ್ದು 1946ರಲ್ಲಿ. ಇಂದು ಈ ವ್ಯವಸ್ಥೆಯ ನೀರನ್ನು ಸುಮಾರು 30 ಲಕ್ಷ ಮಂದಿ ಕುಡಿಯುತ್ತಾರೆ. ಬೋಸ್ಟನ್ ಸುತ್ತ ನೆಲೆಸಿರುವ ಕನ್ನಡಿಗರ ಮನೆಗಳ ನಲ್ಲಿಗಳಲ್ಲಿ ಬರುವುದೂ ಬಹುಮಟ್ಟಿಗೆ ಇದೇ ನೀರು.

ಈ ನೀರಿನ ಆಳದಲ್ಲಿ ಲೇಕ್ ಟ್ರೌಟ್ ಎಂಬ ಮೀನಿದೆ. 1950ರ ದಶಕದಲ್ಲಿ ತಂದು ಬಿಟ್ಟ ಮೀನಿನ ಸಂತತಿ ತಾನಾಗಿಯೇ ಬೆಳೆದು ನೆಲೆನಿಂತಿದೆ. ಅದೇ ಜಲಾಶಯದ ಸಾಲ್ಮನ್ ಮೀನಿಗೆ ಈ ಭಾಗ್ಯವಿಲ್ಲ. ಅದರ ಸಂಖ್ಯೆಯನ್ನು ಉಳಿಸಿಕೊಳ್ಳಲು ಮೊಟ್ಟೆಕೇಂದ್ರದಲ್ಲಿ ಸಾಕಿದ ಮರಿಗಳನ್ನು ತಂದು ಬಿಡುತ್ತಲೇ ಇರಬೇಕಾಗುತ್ತದೆ. ಹಾಗಿದ್ದರೂ ಗಾಳ ಹಾಕುವವರು ಕೇಳುವ ಪ್ರಶ್ನೆ ಲೇಕ್ ಟ್ರೌಟ್‌ನ ಬಗ್ಗೆಯೇ: ಇಷ್ಟೊಂದು ಮೀನುಗಳಿದ್ದರೂ ದೊಡ್ಡವು ಏಕೆ ಇಷ್ಟು ಅಪರೂಪ? ಕೆನಡಾದ ಗ್ರೇಟ್ ಬೇರ್ ಸರೋವರದಲ್ಲಿ 1995ರಲ್ಲಿ ಗಾಳಕ್ಕೆ ಸಿಕ್ಕ ಇದೇ ಜಾತಿಯ ಮೀನು 32 ಕಿಲೋಗಿಂತ ಹೆಚ್ಚು ತೂಗಿತ್ತು. ಕುಡಿಯುವ ನೀರಿನ ಜಲಾಶಯದಲ್ಲಿ ಎರಡು, ಮೂರು ಕಿಲೋ ತೂಗುವ ಮೀನನ್ನು ಹಿಡಿದವರು ತೃಪ್ತಿಯಿಂದ ಮನೆಗೆ ಹೋಗುತ್ತಾರೆ.

ಹೆಸರು ಟ್ರೌಟ್ ಎಂದಿದ್ದರೂ ವಂಶದ ಲೆಕ್ಕದಲ್ಲಿ ಇದು ‘ಚಾರ್’ ಗುಂಪಿಗೆ ಸೇರಿದ ಮೀನು. ವೈಜ್ಞಾನಿಕ ಹೆಸರು ಸಾಲ್ವೆಲೈನಸ್ ನಮೈಕುಶ್. ಎರಡನೆಯ ಪದ ಉತ್ತರ ಅಮೆರಿಕದ ಮೂಲನಿವಾಸಿಗಳ ಭಾಷೆಯಿಂದ ಬಂದದ್ದು. ಈ ಮೀನಿಗೆ ಬೇಕಾದುದು ಎರಡೇ: ತಂಪು ಮತ್ತು ಆಮ್ಲಜನಕ. ಸುಮಾರು 10 ಡಿಗ್ರಿ ಸೆಲ್ಸಿಯಸ್ ಇರುವ ನೀರು ಇದಕ್ಕೆ ಹಿತ. ಬೇಸಿಗೆಯಲ್ಲಿ ಜಲಾಶಯದ ಮೇಲ್ಪದರ ಬಿಸಿಯಾಗಿ ಹಗುರಾಗುತ್ತದೆ, ತಣ್ಣನೆಯ ಭಾರದ ನೀರು ಕೆಳಗೆ ಉಳಿಯುತ್ತದೆ, ನಡುವೆ ಉಷ್ಣತೆ ಥಟ್ಟನೆ ಇಳಿಯುವ ಒಂದು ತೆಳು ಪದರ ಇವೆರಡನ್ನೂ ಬೆರೆಯಗೊಡದೆ ಬೇರ್ಪಡಿಸುತ್ತದೆ. ಮೇಲಿನ ಗಾಳಿಯಿಂದ ಆಮ್ಲಜನಕ ಪಡೆಯುವ ದಾರಿ ಮುಚ್ಚಿಹೋದ ಕೆಳಪದರ, ಶರತ್ಕಾಲದಲ್ಲಿ ನೀರು ಮತ್ತೆ ಬುಡಮೇಲಾಗಿ ಬೆರೆಯುವವರೆಗೆ, ವಸಂತದಲ್ಲಿ ತುಂಬಿಕೊಂಡ ಉಸಿರಿನಲ್ಲೇ ತಿಂಗಳುಗಟ್ಟಲೆ ಬದುಕಬೇಕು. ಪೋಷಕಾಂಶ ಹೆಚ್ಚಾದ ಕೆರೆಯಲ್ಲಿ ಪಾಚಿ ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯುವಾಗ ಆ ಆಮ್ಲಜನಕವೆಲ್ಲ ತೀರಿಹೋಗುತ್ತದೆ. ಮೇಲೆ ಹೋದರೆ ಸೆಕೆ, ಕೆಳಗೆ ಹೋದರೆ ಉಸಿರಿಲ್ಲ. ಅಂಥ ಕಡೆ ಲೇಕ್ ಟ್ರೌಟ್ ಉಳಿಯುವುದಿಲ್ಲ. ಕ್ವಾಬಿನ್‌ನಲ್ಲಿ ಉಳಿದಿದೆ, ಏಕೆಂದರೆ ಅಲ್ಲಿ ಕೊಳೆಯುವಷ್ಟು ಪಾಚಿಯೇ ಬೆಳೆಯುವುದಿಲ್ಲ.

ನೀರಿನಲ್ಲಿ ಪೋಷಕಾಂಶಗಳ ಈ ‘ಬಡತನ’ ತಾನಾಗಿ ಒದಗಿದ್ದಲ್ಲ, ಬಹುಪಾಲು ಕಾಯ್ದುಕೊಂಡು ಬಂದದ್ದು. ಬೋಸ್ಟನ್‌ಗೆ ಹೋಗುವ ನೀರನ್ನು ಶುದ್ಧೀಕರಣ ಘಟಕದಲ್ಲಿ ಮರಳಿನ ಪದರದ ಮೂಲಕ ಸೋಸುವುದಿಲ್ಲ. ಓಝೋನ್ ಮತ್ತು ನೇರಳಾತೀತ ಕಿರಣಗಳಿಂದ ಸೋಂಕು ನಿವಾರಿಸಿ, ಕ್ಲೋರಿನ್ ಸಂಯುಕ್ತ ಬೆರೆಸಿ ಕಳಿಸುತ್ತಾರೆ. ಸೋಸುವ ಕೆಲಸವನ್ನು ಜಲಾನಯನದ ಕಾಡು ಮೊದಲೇ ಮಾಡಿರಬೇಕೆಂಬುದು ಇಲ್ಲಿನ ಲೆಕ್ಕ. ಆದ್ದರಿಂದ ಈಜಿಗೆ ಅವಕಾಶವಿಲ್ಲ, ಚಳಿಗಾಲದಲ್ಲಿ ಹಿಮಗಟ್ಟಿದ ನೀರಿನ ಮೇಲೆ ಕುಳಿತು ಗಾಳ ಹಾಕುವಂತಿಲ್ಲ, ಹಿಕ್ಕೆಯಿಂದ ಬ್ಯಾಕ್ಟೀರಿಯಾ ಹೆಚ್ಚಿಸುವ ಕಡಲಹಕ್ಕಿಗಳು ನೀರೆತ್ತುವ ತೂಬಿನ ಬಳಿ ಬೀಡುಬಿಡದಂತೆ ಓಡಿಸುವುದಕ್ಕೂ ಸಿಬ್ಬಂದಿ ಇದ್ದಾರೆ. ಮನುಷ್ಯ ಕಾಲು ತೊಳೆಯಬಾರದ ನೀರಿನಲ್ಲಿ ಮೀನು ಹುಟ್ಟಿ ಸಾಯುವುದಕ್ಕೆ ಮಾತ್ರ ಯಾರ ಆಕ್ಷೇಪವೂ ಇಲ್ಲ.

ಇಂಥ ನೀರಿನಲ್ಲಿ ರಂಜಕದ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಂಗಿಂತ ಕಡಿಮೆ. ರಂಜಕ ಕಡಿಮೆಯಾದಷ್ಟೂ ಪಾಚಿ ಕಡಿಮೆ, ಪಾಚಿ ತಿನ್ನುವ ಸೂಕ್ಷ್ಮ ಪ್ರಾಣಿಪ್ಲವಕಗಳು ಕಡಿಮೆ, ಅವನ್ನು ತಿನ್ನುವ ಸ್ಮೆಲ್ಟ್‌ನಂಥ ಪುಟ್ಟ ಮೀನುಗಳು ಕಡಿಮೆ. ಆಹಾರ ಸರಪಳಿಯ ಒಂದು ಹಂತದಿಂದ ಮೇಲಿನ ಹಂತಕ್ಕೆ ದಾಟುವುದು ಸ್ಥೂಲವಾಗಿ ಹತ್ತರಲ್ಲೊಂದು ಪಾಲು ಮಾತ್ರ. ತುತ್ತತುದಿಯಲ್ಲಿರುವ ಟ್ರೌಟ್‌ನ ಪಾಲಿಗೆ ಬರುವುದು ಎಷ್ಟೆಂದು ಊಹಿಸಬಹುದು. ನಮ್ಮ ಕೆರೆಗೆ ಬಿಟ್ಟ ಕಾಟ್ಲಾ ಮರಿ ಒಳ್ಳೆಯ ಮೇವು ಸಿಕ್ಕರೆ ಒಂದೇ ವರ್ಷದಲ್ಲಿ ಒಂದು ಕಿಲೋದ ಆಸುಪಾಸಿಗೆ ಬರುತ್ತದೆ; ಲೇಕ್ ಟ್ರೌಟ್‌ಗೆ ಅಷ್ಟು ತೂಕ ಬರಲು ಹಲವು ವರ್ಷಗಳು ಬೇಕು. ಪ್ರಾಯಕ್ಕೆ ಬರುವುದೇ ಆರೇಳು ವರ್ಷಕ್ಕೆ. ಆಮೇಲೆ ತಿಂದದ್ದರಲ್ಲಿ ದೊಡ್ಡ ಪಾಲು ಮೊಟ್ಟೆ, ವೀರ್ಯಗಳಿಗೆ ಹೋಗುವುದರಿಂದ ಬೆಳವಣಿಗೆ ಇನ್ನೂ ಕುಂಟುತ್ತದೆ.

ಆದರೆ ಎಲ್ಲವನ್ನೂ ಬಡತನದ ತಲೆಗೆ ಕಟ್ಟುವಂತಿಲ್ಲ. ದೈತ್ಯ ಮೀನು ಸಿಕ್ಕ ಗ್ರೇಟ್ ಬೇರ್ ಸರೋವರದ ನೀರು ಇದಕ್ಕಿಂತಲೂ ಬಡವಾದದ್ದು, ಇದಕ್ಕಿಂತಲೂ ತಣ್ಣನೆಯದು. ಅಲ್ಲಿ ಮೀನು ದಶಕಗಟ್ಟಲೆ ಬದುಕುತ್ತದೆ, ಹಿಡಿಯುವವರು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ತಾನು ಬೆಳೆದಂತೆ ಬೇಟೆಯ ಗಾತ್ರವನ್ನೂ ಹೆಚ್ಚಿಸಿಕೊಳ್ಳಲು ಅಲ್ಲಿ ಅವಕಾಶವಿದೆ. ಈ ಕೊನೆಯ ಅಂಶವನ್ನು ಗಾಳ ಹಾಕುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬೇಟೆಯಾಡುವ ಮೀನಿಗೆ ಪ್ರತಿ ತುತ್ತಿನ ಹಿಂದೆಯೂ ಈಜಿದ ಖರ್ಚಿರುತ್ತದೆ. ನಾಲ್ಕು ಕಿಲೋದ ಮೀನು ಬೆರಳುದ್ದದ ಸ್ಮೆಲ್ಟ್‌ಗಳನ್ನು ಅಟ್ಟಿಸಿಕೊಂಡು ಹೋದರೆ ಗಳಿಸಿದ್ದೆಲ್ಲ ಓಡಾಟಕ್ಕೇ ಸರಿಹೋಗುತ್ತದೆ, ಮೈಗೆ ಹತ್ತುವುದು ಏನೂ ಇಲ್ಲ. ಅದೇ ಒಂದು ಗೇಣುದ್ದದ ಮೀನು ಹೇರಳವಾಗಿದ್ದರೆ ದಿನಕ್ಕೊಂದು ಸಿಕ್ಕರೂ ಸಾಕು. ಬೇಟೆಗೆ ಬೇರೆ ಮೀನೇ ಇಲ್ಲದ ಪುಟ್ಟ ಸರೋವರಗಳಲ್ಲಿ ಪ್ಲವಕ ತಿಂದೇ ಬದುಕುವ ಲೇಕ್ ಟ್ರೌಟ್‌ಗಳೂ ಇವೆ. ಅವು ಚಿಕ್ಕ ಗಾತ್ರದಲ್ಲೇ ಪ್ರಾಯಕ್ಕೆ ಬಂದು, ಚಿಕ್ಕ ಗಾತ್ರದಲ್ಲೇ ಮುದಿಯಾಗುತ್ತವೆ. ಒಂದು ಜಾತಿಯ ಮೀನು ‘ಎಷ್ಟು ದೊಡ್ಡದಾಗುತ್ತದೆ’ ಎಂಬುದಕ್ಕೆ ಉತ್ತರ ಮೀನಿನ ಮೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಅದು ಮೇಯುವ ನೀರಿನಲ್ಲಿದೆ.

ಸಂಖ್ಯೆಯ ಪ್ರಶ್ನೆ ಇಲ್ಲಿಯೇ ಸೇರಿಕೊಳ್ಳುತ್ತದೆ. ಜಲಾಶಯ ವರ್ಷಕ್ಕೆ ಉತ್ಪಾದಿಸಬಲ್ಲ ಮೀನಿನ ಒಟ್ಟು ತೂಕಕ್ಕೆ ಒಂದು ಮಿತಿಯಿದೆ. ಅದನ್ನು ಸಾವಿರ ಬಾಯಿಗೆ ಹಂಚಬಹುದು, ಹತ್ತು ಸಾವಿರ ಬಾಯಿಗೂ ಹಂಚಬಹುದು. ಸಂತತಿ ಚೆನ್ನಾಗಿ ನಡೆದಿರುವ ಕಡೆ, ಸಣ್ಣ ಮೀನನ್ನೆಲ್ಲ ಮರಳಿ ನೀರಿಗೆ ಬಿಟ್ಟು ದೊಡ್ಡವನ್ನಷ್ಟೇ ಒಯ್ಯುತ್ತ ಹೋದರೆ, ಒಳ್ಳೆಯ ಉದ್ದೇಶದಿಂದಲೇ ಹಸಿದ ಸಣ್ಣ ಮೀನುಗಳ ಗುಂಪೊಂದನ್ನು ಸಾಕಿದಂತಾಗುತ್ತದೆ.

ಎಣಿಸುವುದಾದರೂ ಹೇಗೆ? ಸುಮಾರು 100 ಚದರ ಕಿಲೋಮೀಟರ್ ಹರಡಿರುವ, ಅತಿ ಆಳದಲ್ಲಿ 46 ಮೀಟರ್ ಇರುವ ನೀರನ್ನು ಬರಿದು ಮಾಡಿ ನೋಡಲಾಗದು. ಗುರುತು ಹಾಕಿ ಬಿಟ್ಟು ಮತ್ತೆ ಹಿಡಿಯುವುದು ಒಂದು ದಾರಿ; ಡೆನ್ಮಾರ್ಕಿನ ಮೀನು ವಿಜ್ಞಾನಿ ಪೀಟರ್ಸನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೀನಿಗೆ ಗುರುತು ಹಾಕುವ ಕೆಲಸ ಆರಂಭಿಸಿದ್ದರಿಂದ ಈ ಲೆಕ್ಕಕ್ಕೆ ಅವರ ಹೆಸರೇ ಉಳಿದಿದೆ. ನೂರು ಮೀನಿಗೆ ಗುರುತು ಹಾಕಿ ಬಿಟ್ಟಿರಿ, ಮುಂದೆ ಎಂಬತ್ತು ಹಿಡಿದಾಗ ಅವುಗಳಲ್ಲಿ ಎಂಟಕ್ಕೆ ಗುರುತಿತ್ತು ಎಂದಾದರೆ, ಗುರುತಿನವು ಹತ್ತರಲ್ಲೊಂದು. ಒಟ್ಟು ಮೀನು ಸುಮಾರು ಸಾವಿರ. ಮಸಾಚುಸೆಟ್ಸ್‌ನ ಮೀನು ಜೀವವಿಜ್ಞಾನಿಗಳು ಕ್ವಾಬಿನ್ ಮತ್ತು ಅದರ ನೀರು ಸೇರುವ ವಾಚುಸೆಟ್ ಜಲಾಶಯಗಳಲ್ಲಿ ಶರತ್ಕಾಲದ ರಾತ್ರಿಗಳಲ್ಲಿ ಬಲೆ ಬಿಟ್ಟು, ಸಿಕ್ಕ ಮೀನನ್ನು ಅಳೆದು ತೂಗಿ, ಅಕ್ಕಿಕಾಳಿನಂಥ ಗಾಜಿನ ಎಲೆಕ್ಟ್ರಾನಿಕ್ ಗುರುತನ್ನು ಚರ್ಮದಡಿ ಸೇರಿಸಿ ಬಿಡುತ್ತಾರೆ. ಮುಂದೊಂದು ವರ್ಷ ಅದೇ ಮೀನು ಸಿಕ್ಕರೆ ಅದು ನಡುವೆ ಎಷ್ಟು ಬೆಳೆದಿದೆ ಎಂಬುದು ತಿಳಿಯುತ್ತದೆ. ಬೆಳೆದ ಮೀನು ಹಲವು ವರ್ಷಗಳ ನಂತರವೂ ಹೆಚ್ಚುಕಡಿಮೆ ಅಷ್ಟೇ ಉದ್ದವಿರುವುದು ಇಲ್ಲಿ ಅಚ್ಚರಿಯ ಸಂಗತಿಯಲ್ಲ.

ಈ ಲೆಕ್ಕಕ್ಕೂ ತನ್ನದೇ ತೊಡಕುಗಳಿವೆ. ಬಲೆಗೆ ಬೀಳುವುದು ಮೊಟ್ಟೆಯಿಡಲು ದಡಕ್ಕೆ ಬಂದ ಮೀನು ಮಾತ್ರ. ಗಂಡುಗಳು ಮೊದಲೇ ಬಂದು ಹೆಚ್ಚು ದಿನ ಅಲ್ಲೇ ಸುತ್ತುತ್ತವೆ, ಹೆಣ್ಣುಗಳು ಬಂದು ಬೇಗ ಹೊರಟುಹೋಗುತ್ತವೆ. ಮೇವು ಸಾಲದ ನೀರಿನಲ್ಲಿ ಕೆಲವು ಹೆಣ್ಣುಗಳು ಪ್ರತಿವರ್ಷ ಮೊಟ್ಟೆಯಿಡುವುದೂ ಇಲ್ಲ. ಹೀಗಾಗಿ ಬಲೆಯಲ್ಲಿ ಕಾಣುವ ಗಂಡು ಹೆಣ್ಣಿನ ಪ್ರಮಾಣವನ್ನು ಇಡೀ ಜಲಾಶಯದ್ದೆಂದು ತಿಳಿದರೆ ಮೋಸಹೋದಂತೆಯೇ.

ಮೊಟ್ಟೆಯಿಡುವ ಜಾಗದ ಆಯ್ಕೆಯೂ ಕುತೂಹಲಕರ. ಸಾಲ್ಮನ್‌ನಂತೆ ಇದು ಹೊಳೆ ಹತ್ತಿ ಹೋಗುವುದಿಲ್ಲ, ಜಲ್ಲಿಯಲ್ಲಿ ಗುಂಡಿ ತೋಡುವುದೂ ಇಲ್ಲ. ಅಲೆ ಬಡಿದು ಹೂಳು ತೊಳೆದುಹೋದ ಕಲ್ಲುರಾಶಿಯ ಮೇಲೆ ಕತ್ತಲಲ್ಲಿ ಮೊಟ್ಟೆ ಚೆಲ್ಲುತ್ತದೆ. ಅವು ಕಲ್ಲುಗಳ ಸಂದಿಗಿಳಿದು ನಾಲ್ಕೈದು ತಿಂಗಳು ತಣ್ಣೀರಿನಲ್ಲಿ ಕಾದು ಮರಿಯಾಗುತ್ತವೆ. ಜಲಾಶಯಗಳಲ್ಲಿ ಮನುಷ್ಯರೇ ದಡ ಕೊಚ್ಚಿಹೋಗದಂತೆ ಪೇರಿಸಿದ ಕಲ್ಲುಗಳೂ ಈ ಮೀನಿಗೆ ಒಗ್ಗುತ್ತವೆ. ಆದರೆ ಜಲಾಶಯದ ಮಟ್ಟ ಸರೋವರದಂತೆ ಸ್ಥಿರವಲ್ಲ. ಶರತ್ಕಾಲದಲ್ಲಿ ದಡದಂಚಿಗೆ ಬಿದ್ದ ಮೊಟ್ಟೆಗಳು, ಚಳಿಗಾಲದಲ್ಲಿ ನಗರಕ್ಕೆ ನೀರೆತ್ತುತ್ತ ಮಟ್ಟ ಇಳಿದರೆ, ಬಯಲಿಗೆ ಬಂದು ಹೆಪ್ಪುಗಟ್ಟಿ ಸಾಯುತ್ತವೆ. 1960ರ ದಶಕದ ದೀರ್ಘ ಬರದಲ್ಲಿ ಕ್ವಾಬಿನ್ ತನ್ನ ಸಾಮರ್ಥ್ಯದ ಶೇ. 45ಕ್ಕೆ ಇಳಿದಿತ್ತು. ಎಣಿಕೆಯಲ್ಲಿ ಯಾವುದೋ ಒಂದು ವಯಸ್ಸಿನ ಮೀನು ವಿರಳವಾಗಿದ್ದರೆ ಹಳೆಯ ನೀರಿನ ಮಟ್ಟದ ದಾಖಲೆಯನ್ನೂ ತೆರೆದು ನೋಡುವುದು ಜಾಣತನ.

ವಯಸ್ಸು ತಿಳಿಯಬೇಕಾದರೆ ಉದ್ದ ನಂಬಿಕೆಗೆ ಅರ್ಹವಲ್ಲ. ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ಮರದ ಉಂಗುರಗಳಂತೆ ವರ್ಷಕ್ಕೊಂದು ಪದರ ಬೆಳೆಯುತ್ತದೆ, ಅದನ್ನು ಕೊಯ್ದು ಎಣಿಸಬೇಕು. ಅದಕ್ಕೆ ಮೀನು ಸತ್ತಿರಬೇಕು. ಬೆಳವಣಿಗೆ ನಿಂತ ಮೀನುಗಳ ನಡುವೆ ಒಂದೇ ಉದ್ದದ ಎರಡಕ್ಕೆ ಹತ್ತು ವರ್ಷಗಳ ಅಂತರವಿದ್ದರೂ ಇರಬಹುದು.

ಈ ಅಂತರ ಊಟದ ತಟ್ಟೆಯವರೆಗೂ ಬರುತ್ತದೆ. ಕಲ್ಲಿದ್ದಲು ಮತ್ತು ಕಸ ಸುಡುವ ಹೊಗೆಯ ಪಾದರಸ ಮಳೆಯೊಡನೆ ಬಿದ್ದು, ಕೆಸರಿನ ಬ್ಯಾಕ್ಟೀರಿಯಾಗಳಿಂದ ಮಿಥೈಲ್ ಪಾದರಸವಾಗಿ, ಪ್ಲವಕದಿಂದ ಸ್ಮೆಲ್ಟ್‌ಗೆ, ಸ್ಮೆಲ್ಟ್‌ನಿಂದ ಟ್ರೌಟ್‌ಗೆ ಏರುತ್ತ ಸಾಂದ್ರವಾಗುತ್ತದೆ. ದೇಹದಿಂದ ಅದು ಹೊರಹೋಗುವುದು ಬಹಳ ನಿಧಾನ. ವರ್ಷ ಕಳೆದಂತೆ ಸೇರುತ್ತಲೇ ಹೋಗುತ್ತದೆ. ಬೇಗ ಬೆಳೆಯುವ ಮೀನಿನಲ್ಲಿ ಹೊಸ ಮಾಂಸ ಅದನ್ನು ತಿಳಿಯಾಗಿಸುತ್ತದೆ, ಬೆಳೆಯದ ಮೀನಿನಲ್ಲಿ ಆ ಅನುಕೂಲವೂ ಇಲ್ಲ. ಕ್ವಾಬಿನ್‌ನ ಮೀನಿಗೆ ರಾಜ್ಯದ ಆರೋಗ್ಯ ಇಲಾಖೆ ಹೊರಡಿಸಿದ ಎಚ್ಚರಿಕೆಯಲ್ಲಿ ಲೇಕ್ ಟ್ರೌಟ್‌ಗೆ ಗೆರೆ ಎಳೆದಿರುವುದು 24 ಇಂಚಿಗೆ: ಅದಕ್ಕಿಂತ ಉದ್ದದ್ದನ್ನು ಗರ್ಭಿಣಿಯರು ಮತ್ತು ಮಕ್ಕಳು ತಿನ್ನಬಾರದು. ದಡದಲ್ಲಿ ನಿಂತವನ ಕೈಯಲ್ಲಿರುವುದು ಅಳತೆಪಟ್ಟಿ ಮಾತ್ರ, ಕಿವಿಯ ಕಲ್ಲನ್ನು ಕೊಯ್ದು ನೋಡಲು ಅವನಿಗೆ ಆಗುವುದಿಲ್ಲ. ಅದೇ ಜಲಾಶಯದ ನೀರು ಮಾತ್ರ ಗರ್ಭಿಣಿಗೂ ಮಗುವಿಗೂ ನಿರಾತಂಕವಾಗಿ ಕುಡಿಯಲು ಯೋಗ್ಯ. ನೀರಿನಲ್ಲಿರುವುದಕ್ಕೂ ಆ ನೀರಿನ ಹಿರಿಯ ಬೇಟೆಗಾರ ಮೀನಿನ ಮಾಂಸದಲ್ಲಿರುವುದಕ್ಕೂ ಪಾದರಸದ ಪ್ರಮಾಣದಲ್ಲಿ ಹತ್ತು ಲಕ್ಷ ಪಟ್ಟು ಅಥವಾ ಇನ್ನೂ ಹೆಚ್ಚಿನ ವ್ಯತ್ಯಾಸವಿರುತ್ತದೆ.