ಚಳಿ ತಡೆಯುವ ಭತ್ತ: ಲ್ಯಾಬಿನಲ್ಲಿ ಆಗುವುದೆಷ್ಟು?

ಟಿಶ್ಯೂ ಕಲ್ಚರ್ (ಗಿಡದ ಚಿಕ್ಕ ತುಣುಕನ್ನು ಲ್ಯಾಬಿನಲ್ಲಿ ಬೆಳೆಸುವುದು) ಮಾಡಿದರೆ ಚಳಿ ತಡೆಯುವ ಭತ್ತ ಬರುತ್ತದೆ ಅಲ್ವಾ ಎಂದು ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ಬರುತ್ತದೆ, ಆದರೆ ಅವರು ಅಂದುಕೊಂಡ ದಾರಿಯಲ್ಲಲ್ಲ.

ಭತ್ತಕ್ಕೆ ಚಳಿ ಮುಖ್ಯವಾಗಿ ಎರಡು ಹೊತ್ತಿನಲ್ಲಿ ಕಾಡುತ್ತದೆ. ಒಂದು, ಸಸಿಮಡಿಯಲ್ಲಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬೇಸಿಗೆ ಬೆಳೆಗೆ ಡಿಸೆಂಬರ್, ಜನವರಿಯಲ್ಲಿ ಸಸಿ ಹಾಕುವವರಿಗೆ ಇದು ಗೊತ್ತು, ಸಸಿ ಹಳದಿಯಾಗಿ ಮೇಲೇಳುವುದೇ ಇಲ್ಲ. ಇನ್ನೊಂದು ಹೊಡೆಯಲ್ಲಿ, ಅಂದರೆ ತೆನೆ ಇನ್ನೂ ಗಿಡದೊಳಗೇ ಇರುವಾಗ, ಇದೇ ಜಾಸ್ತಿ ನಷ್ಟ ಮಾಡುವುದು. ತೆನೆ ಹೊರಬರಲು ಹತ್ತು ಹನ್ನೆರಡು ದಿನ ಇರುವಾಗ ಉಷ್ಣಾಂಶ 17 ಡಿಗ್ರಿಗಿಂತ ಕೆಳಗಿಳಿದು ಕೆಲವು ದಿನ ಅಲ್ಲೇ ನಿಂತರೆ, ಪರಾಗಕೋಶದಲ್ಲಿ ಪರಾಗಕ್ಕೆ ಆಹಾರ ಕೊಡುವ ಒಳಪದರ ಊದಿಕೊಂಡು ಕೆಡುತ್ತದೆ, ಪರಾಗ ಬಲಿಯುವುದಿಲ್ಲ. ಗದ್ದೆ ಹಸಿರಾಗಿಯೇ ಕಾಣುತ್ತದೆ. ತೆನೆ ಮಾತ್ರ ಬಾಗುವುದಿಲ್ಲ, ಕಾಳು ಅದುಮಿದರೆ ಜೊಳ್ಳು. 1993ರ ತಣ್ಣನೆ ಬೇಸಿಗೆಯಲ್ಲಿ ಜಪಾನಿನ ಬೆಳೆ ಸುಮಾರು ಕಾಲು ಭಾಗ ಕುಸಿದು, ಥಾಯ್ಲೆಂಡಿನಿಂದೆಲ್ಲ ಅಕ್ಕಿ ತರಿಸಬೇಕಾಯಿತು.

ಈಗ ಲ್ಯಾಬಿಗೆ ಬನ್ನಿ. ಸಿಪ್ಪೆ ತೆಗೆದ ಕಾಳನ್ನು ಚೆನ್ನಾಗಿ ಶುದ್ಧಮಾಡಿ, 2,4-ಡಿ ಎಂಬ ಹಾರ್ಮೋನು ಹಾಕಿದ ಪೋಷಕ ಮಾಧ್ಯಮದ ಮೇಲೆ ಕತ್ತಲಲ್ಲಿಟ್ಟರೆ ಮೂರ್ನಾಲ್ಕು ವಾರದಲ್ಲಿ ಕೆನೆಬಣ್ಣದ ಹರಳುಹರಳಾದ ಕ್ಯಾಲಸ್, ಅಂದರೆ ಇನ್ನೂ ಬೇರು ಎಲೆ ಆಗದ ಕೋಶಗಳ ಮುದ್ದೆ, ಬರುತ್ತದೆ. ಅದನ್ನು ಚಳಿಯಲ್ಲಿಟ್ಟು, ಉಳಿದದ್ದರಿಂದ ಗಿಡ ಎಬ್ಬಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ನನಗೆ ಇದರ ಮೇಲೆ ಅಷ್ಟು ನಂಬಿಕೆಯಿಲ್ಲ. ಕ್ಯಾಲಸ್‌ನಲ್ಲಿ ಪರಾಗವೇ ಇಲ್ಲ, ಹಾಗಿರುವಾಗ ಹೊಡೆಯ ಚಳಿಯನ್ನು ಅದರಲ್ಲಿ ಹೇಗೆ ಪರೀಕ್ಷಿಸುವುದು? ಉಳಿದ ಕೆಲವು ಕ್ಯಾಲಸ್ ಸುಮ್ನೆ ಚಳಿಗೆ ಒಗ್ಗಿಕೊಂಡಿರುತ್ತವೆ, ಅಂಥ ಗುಣ ಬೀಜಕ್ಕೆ ಇಳಿಯುವುದಿಲ್ಲ.

ನಾನು ನೆಚ್ಚಿಕೊಳ್ಳುವುದು ಪರಾಗಕೋಶದ ಕಲ್ಚರ್, ಅಂದರೆ ಹೂವಿನ ಪರಾಗಕೋಶದಿಂದಲೇ ಗಿಡ ಎಬ್ಬಿಸುವುದು. 1968ರಲ್ಲಿ ಜಪಾನಿನ ನಿಯಿಜೆಕಿ ಮತ್ತು ಓನೊ ಭತ್ತದಲ್ಲಿ ಇದನ್ನು ಮಾಡಿ ತೋರಿಸಿದರು. ಚಳಿ ತಡೆಯುವ ಜಪೋನಿಕಾ (ತಂಪು ನಾಡುಗಳಲ್ಲಿ ಬೆಳೆಯುವ ಭತ್ತದ ಗುಂಪು) ತಳಿಯನ್ನು ನಮಗೆ ಬೇಕಾದ ತಳಿಯ ಜೊತೆ ಕ್ರಾಸ್ ಮಾಡಿ, ಮೊದಲ ಪೀಳಿಗೆಯ ಪರಾಗಕೋಶದಿಂದ ಗಿಡ ಎಬ್ಬಿಸುತ್ತೇವೆ. ಅವುಗಳಲ್ಲಿ ವರ್ಣತಂತುಗಳ ಒಂದೇ ಸೆಟ್ ಇರುತ್ತದೆ, ಮಾಮೂಲಿ ಗಿಡದ ಅರ್ಧದಷ್ಟು, ಅನೇಕ ಗಿಡಗಳಲ್ಲಿ ಅದು ತಾನಾಗಿಯೇ ಇಮ್ಮಡಿಯಾಗುತ್ತದೆ, ಆಗದಿದ್ದರೆ ಇಮ್ಮಡಿ ಮಾಡುವ ಕಾಲ್ಚಿಸಿನ್ ಎಂಬ ರಾಸಾಯನಿಕ ಇದೆ. ಆರೇಳು ಪೀಳಿಗೆ ಕಾದು ಗಟ್ಟಿಮಾಡಬೇಕಾದ (ಬೀಜ ಹಾಕಿದರೂ ಬದಲಾಗದಂತೆ ಮಾಡಬೇಕಾದ) ಗುಣ ಒಂದೇ ಪೀಳಿಗೆಯಲ್ಲಿ ಗಟ್ಟಿ. ತಮಾಷೆ ಏನೆಂದರೆ, ಕಲ್ಚರಿಗೆ ಮೊದಲು ಆ ತೆನೆಗಳನ್ನೇ ವಾರದಷ್ಟು 8-10 ಡಿಗ್ರಿ ಚಳಿಯಲ್ಲಿಡುತ್ತೇವೆ, ಆಗ ಕ್ಯಾಲಸ್ ಚೆನ್ನಾಗಿ ಬರುತ್ತದೆ! ನಮ್ಮ ಕಡೆಯ ಇಂಡಿಕಾ ತಳಿಗಳು ಮಾತ್ರ ಮೊಂಡು. ಕ್ಯಾಲಸ್ ಕಡಿಮೆ, ಬಂದ ಸಸಿಗಳಲ್ಲೂ ಬೆಳ್ಳಗಿನವೇ ಜಾಸ್ತಿ. ಹಸಿರಿಲ್ಲದ ಸಸಿಯನ್ನು ಗದ್ದೆಗೆ ಒಯ್ದು ಪ್ರಯೋಜನವಿಲ್ಲ.

ಇಷ್ಟಾದರೂ ಲ್ಯಾಬ್ ಕೊಟ್ಟಿದ್ದು ಗಟ್ಟಿಯಾದ ಸಾಲುಗಳನ್ನು (ಒಂದೊಂದು ಗಿಡದಿಂದ ಬಂದ ಸಂತತಿಗಳನ್ನು) ಮಾತ್ರ, ಚಳಿ ತಡೆಯುವ ಶಕ್ತಿಯನ್ನಲ್ಲ. ಯಾವ ಸಾಲು ತಡೆಯುತ್ತದೆ ಎಂದು ತಣ್ಣೀರೇ ಹೇಳಬೇಕು. ದಕ್ಷಿಣ ಕೊರಿಯಾದ ಚುಂಚಿಯಾನ್‌ನಲ್ಲಿ ಸುಮಾರು 17 ಡಿಗ್ರಿಯ ನೀರು ಹಾಯಿಸಿ ಸಾಲುಸಾಲಾಗಿ ಪರೀಕ್ಷಿಸುತ್ತಾರೆ. ಹಾಗಾಗಿ ಯಾರಾದರೂ ಟಿಶ್ಯೂ ಕಲ್ಚರಿನ ಚಳಿ ಭತ್ತ ಎಂದು ಬಂದರೆ ಎರಡೇ ಪ್ರಶ್ನೆ ಕೇಳಿ: ತಣ್ಣೀರಲ್ಲಿ ನೂರಕ್ಕೆ ಎಷ್ಟು ಕಾಳು ಕಟ್ಟಿತು, ಮುಂದಿನ ಪೀಳಿಗೆಯಲ್ಲೂ ಅಷ್ಟೇ ಕಟ್ಟಿತಾ?